ಕೊಡಗಿನಲ್ಲಿ ಅರಸೊತ್ತಿಗೆ ಹುಟ್ಟಿದ ಬಗೆ

ಕೊಡಗಿಗೆ ತನ್ನದೇ ಅರಸನಿಲ್ಲದ ಕಾಲವಿತ್ತು. ಕಟ್ಟುಕಟ್ಟಳೆ ಇಲ್ಲದ ಕಾಲವಿರಲಿಲ್ಲ. ರಾಜ್ಯ ಹೇಗೆ ಹುಟ್ಟಿತು ಎಂದು ವಿಚಾರ ಮಾಡುವವರು ಈ ಎರಡನ್ನೂ ಒಂದೇ ಎಂದು ಎಣಿಸಿಬಿಡುವುದುಂಟು. ಅರಸು ಬರುವ ಮುನ್ನ ಬರೀ ಕಲಹವಿತ್ತು, ಬಲವಿದ್ದವನು ಬಡಪಾಯಿಯನ್ನು ನುಂಗುತ್ತಿದ್ದ, ಅರಸು ಬಂದ ಮೇಲೆ ಜನ ಬಾಗಿಲು ತೆರೆದಿಟ್ಟು ಮಲಗಿದರು ಎಂಬ ಕಥೆ ನಮ್ಮ ಪುರಾಣಗಳಲ್ಲೂ ಇದೆ, ಯುರೋಪಿನ ತತ್ವಶಾಸ್ತ್ರದಲ್ಲೂ ಇದೆ. ಕಾವೇರಿಯ ತವರಿನಲ್ಲಿ ನಡೆದದ್ದೇ ಬೇರೆ. ಅಲ್ಲಿನ ಅರಸೊತ್ತಿಗೆ ಹುಟ್ಟಿ ನಾಲ್ಕು ಶತಮಾನಗಳಾಗಿವೆ, ಅಷ್ಟೆ. ಅದು ಹುಟ್ಟಿದ ಊರು ಯಾವುದೆಂದು ಗೊತ್ತು, ಕೊನೆಗೊಂಡ ದಿನ ಯಾವುದೆಂದೂ ಗೊತ್ತು. ಹುಟ್ಟು ಸಾವು ಎರಡೂ ಜನರ ನೆನಪಿನಲ್ಲಿ ಉಳಿದಿರುವ ರಾಜ್ಯಗಳು ವಿರಳ. ರಾಜ್ಯಶಾಸ್ತ್ರದ ಹಳೆಯ ಪ್ರಶ್ನೆಯನ್ನು ಒಂದು ನಿಜವಾದ ನೆಲದ ಮೇಲಿಟ್ಟು ನೋಡಲು ಕೊಡಗಿಗಿಂತ ತಕ್ಕ ಜಾಗ ಕನ್ನಡ ನಾಡಿನಲ್ಲಿ ನನಗೆ ಕಾಣದು.

ಕೊಡಗಿನ ಆ ಅರಸರಾದ ಹಾಲೇರಿಯವರಿಗೆ ಮೊದಲು ಈ ಬೆಟ್ಟಗಳ ಮೇಲೆ ಯಾರೂ ಒಡೆತನ ಸಾಧಿಸಿರಲಿಲ್ಲ ಎಂದಲ್ಲ. ಗಂಗರ ಶಾಸನಗಳು ಅಲ್ಲಿವೆ. ದಕ್ಷಿಣದ ಬಿಳಿಯೂರಿನದು 9ನೆಯ ಶತಮಾನದ್ದು. ಉತ್ತರದಲ್ಲಿ ಕೊಂಗಾಳ್ವರು, ಪೂರ್ವದ ಕಡೆ ಚಂಗಾಳ್ವರು, ಆಮೇಲೆ ಹೊಯ್ಸಳರು, ಕಡೆಗೆ ವಿಜಯನಗರದವರು ಒಬ್ಬರಾದ ಮೇಲೊಬ್ಬರು ಈ ನಾಡನ್ನು ತಮ್ಮದೆಂದರು. ಆದರೆ ಅವರಲ್ಲಿ ಹೆಚ್ಚಿನವರ ಸಿಂಹಾಸನವಿದ್ದದ್ದು ಕೊಡಗಿನ ಕಾಡಿನಿಂದ ಆಚೆಗೆ. 1174ರಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕ ಬೆಟ್ಟರಸ ಚಂಗಾಳ್ವರನ್ನು ಅಡಗಿಸಲು ಪಾಲ್ಪಾರೆಯವರೆಗೆ ನುಗ್ಗಿ ಬಂದ. ಚಂಗಾಳ್ವರ ಪರವಾಗಿ ಅವನ ಮೇಲೆ ಬಿದ್ದವರನ್ನು ಆ ಕಾಲದ ಶಾಸನ ಎಣಿಸುತ್ತದೆ. ನಂದಿದೇವ, ಕುರ್ಚಿಯ ಉದಯಾದಿತ್ಯದೇವ ಎಂಬ ಮುಖಂಡರ ಹೆಸರು ಅಲ್ಲಿವೆ. ಅವರ ಬೆನ್ನಿಗೆ ಎಲ್ಲ ನಾಡುಗಳ ಕೊಡಗರು ಇದ್ದಾರೆ. ಕೊಡಗಿನ ದೊರೆ ಎಂಬ ಒಬ್ಬನೂ ಇಲ್ಲ. ನಾಡುಗಳು ಕೂಡಿದವು, ಕಾದಿದವು. ಕೂಡಿಸಲು ಕಿರೀಟ ಬೇಕಾಗಲಿಲ್ಲ.

ಈ ನಾಡುಗಳ ಕಟ್ಟು ಎಂಥದ್ದು? ಹನ್ನೆರಡು ಕೊಂಬು, ಮೂವತ್ತೈದು ನಾಡು ಎಂಬುದು ಕೊಡಗಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದ ಲೆಕ್ಕ. ನಾಡಿನ ಕೆಳಗೆ ಊರು, ಊರಿನ ಕೆಳಗೆ ಒಕ್ಕ. ಒಬ್ಬ ಮೂಲಪುರುಷನ ಗಂಡುಸಂತಾನವೆಲ್ಲ ಸೇರಿದ ಒಂದು ಒಕ್ಕಕ್ಕೆ ಒಂದು ಹೆಸರು, ಒಂದು ಐನ್‌ಮನೆ, ಒಂದು ಕೈಮಡ. ಕೈಮಡದಲ್ಲಿ ಗತಿಸಿದ ಹಿರಿಯರಿಗೆ ಎಡೆ. ಮನೆಯ ನಡುಬಾಡೆಯಲ್ಲಿ ಆರದೆ ಹೊತ್ತಿಸಿಡಬೇಕಾದ ದೀಪ. ಜಗಲಿಯ ಕಂಬಗಳ ನಡುವೆ ಒಂದೇ ಮರದ ಅಗಲವಾದ ಹಲಗೆ, ಐಮರ. ಆ ಹಲಗೆಯ ಮೇಲೆ ಕೂರುವವರು ಒಕ್ಕದ ಹಿರಿಯರು. ಗದ್ದೆ ಯಾರು ಉಳಬೇಕು, ಮದುವೆ ಎಲ್ಲಿ ಕೂಡಬೇಕು, ಯಾರ ತಪ್ಪಿಗೆ ಎಷ್ಟು ದಂಡ ಎಂಬುದೆಲ್ಲ ಅಲ್ಲಿಯೇ ಇತ್ಯರ್ಥ. ಆಸ್ತಿ ಒಕ್ಕದ್ದು, ಪಟ್ಟೆದಾರ ಅದರ ಯಜಮಾನನೇ ಹೊರತು ಮಾಲೀಕನಲ್ಲ. ಒಕ್ಕಗಳ ನಡುವೆ ತಕರಾರು ಬಂದರೆ ಊರ ತಕ್ಕ, ಅಲ್ಲಿಯೂ ಬಗೆಹರಿಯದಿದ್ದರೆ ನಾಡ ತಕ್ಕ, ಅದಕ್ಕೂ ಮೇಲೆ ದೇಶತಕ್ಕರು. ಕೂಟ ಸೇರುತ್ತಿದ್ದದ್ದು ಊರ ಮಂದಿನಲ್ಲಿ, ಬಯಲಿನಲ್ಲಿ. ತಕ್ಕನ ಕೈಯಲ್ಲಿ ಸೆರೆಮನೆ ಇರಲಿಲ್ಲ, ಸಂಬಳದ ಸಿಪಾಯಿ ಇರಲಿಲ್ಲ. ಮಾತು ಮೀರಿದವನನ್ನು ಊರಿನಿಂದ ಹೊರಗಿಡುವುದೇ ಕಡೆಯ ಶಿಕ್ಷೆ. ಒಬ್ಬರ ಗದ್ದೆಗೆ ಇನ್ನೊಬ್ಬರು ಕೈಗೂಡಿಸದೆ ನಾಟಿ ಮುಗಿಯದ ನಾಡಿನಲ್ಲಿ ಆ ಶಿಕ್ಷೆ ಸಾಕಾಗುತ್ತಿತ್ತು. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ‘ಪಟ್ಟೋಲೆ ಪಳಮೆ’ಯಲ್ಲಿ ಈ ಪದ್ಧತಿಗಳನ್ನೂ ಹಾಡುಗಳನ್ನೂ ಒಟ್ಟುಮಾಡಿ ಉಳಿಸಿಕೊಟ್ಟರು. ಅರಸೊತ್ತಿಗೆ ಮುಗಿದು 90 ವರ್ಷವಾದ ಮೇಲೂ ಅವರಿಗೆ ಬರೆದುಕೊಳ್ಳಲು ಇಷ್ಟೆಲ್ಲ ಸಿಕ್ಕಿತು ಎಂದರೆ, ಅರಸನಿಗಿಂತ ಹಳೆಯದಾದ ಈ ಕಟ್ಟಳೆ ಅರಸನಿಗಿಂತ ಗಟ್ಟಿಯೂ ಆಗಿತ್ತು.

ಮನೆಗಳು ಕೂಡಿ ಊರು, ಊರುಗಳು ಕೂಡಿ ಪಟ್ಟಣರಾಜ್ಯ ಎಂದು ಗ್ರೀಸಿನ ಅರಿಸ್ಟಾಟಲ್ ಹೇಳಿದ್ದ. ಕೊಡಗು ಅವನ ಮಾತಿನಂತೆ ಒಕ್ಕದಿಂದ ಊರಿಗೆ, ಊರಿನಿಂದ ನಾಡಿಗೆ ಏರಿತು; ನಾಡಿನಲ್ಲಿ ನಿಂತಿತು. ಮುಂದಿನ ಮೆಟ್ಟಿಲು ತಾನಾಗಿ ಬರಲಿಲ್ಲ. ಸ್ಕಂದಪುರಾಣದ ಭಾಗವೆಂದು ಓದುವ ಕಾವೇರಿ ಮಾಹಾತ್ಮ್ಯೆ ಆ ಮೆಟ್ಟಿಲನ್ನು ದೇವರ ಕೈಯಿಂದ ಹಾಕಿಸುತ್ತದೆ. ಮತ್ಸ್ಯದೇಶದ ರಾಜಕುಮಾರ ಚಂದ್ರವರ್ಮ ತೀರ್ಥಯಾತ್ರೆಗೆಂದು ಬಂದು, ಪಾರ್ವತಿಯ ವರದಿಂದ ಈ ನಾಡಿನ ಮೊದಲ ದೊರೆಯಾದನೆಂದು ಅಲ್ಲಿನ ಕಥೆ. ಪುರಾಣ ಹೇಳುವ ಆ ದೊರೆಯೂ ಹೊರಗಿನಿಂದ ಬಂದವನು, ಯಾತ್ರಿಕನ ವೇಷದವನು ಎಂಬುದನ್ನು ನೆನಪಿನಲ್ಲಿಡಬೇಕು. ಚರಿತ್ರೆಯ ಮೊದಲ ದೊರೆಯೂ ಹಾಗೆಯೇ ಬಂದ.

1565ರಲ್ಲಿ ರಕ್ಕಸತಂಗಡಿಯ ಕಾಳಗ ಮುಗಿದ ಮೇಲೆ ವಿಜಯನಗರದ ಹೆಸರಿಗೆ ಹೆದರುವವರು ಕಡಿಮೆಯಾದರು. ಅದರ ಕೆಳಗಿದ್ದ ಮಾಂಡಲಿಕರೆಲ್ಲ ತಮ್ಮ ತಮ್ಮ ಸೀಮೆಗೆ ತಾವೇ ಒಡೆಯರಾದರು. ಮಲೆನಾಡಿನಲ್ಲಿ ಇಕ್ಕೇರಿಯ ನಾಯಕರು ಬಲಿತರು. ಕೊಡಗಿನ ಒಳಗೂ ನಾಯಕರೆಂಬವರು ತಲೆ ಎತ್ತಿದ್ದರು. ಭಾಗಮಂಡಲದ ಕರ್ಣಯ್ಯ ಬಾವು, ಅಂಜಿಗೇರಿ ನಾಡಿನ ಅಚ್ಚು ನಾಯಕ ಇಂಥವರ ಹೆಸರು ಜನರ ಬಾಯಲ್ಲಿ ಉಳಿದಿವೆ. ತಕ್ಕ ಕಟ್ಟಳೆಯ ಮನುಷ್ಯ, ನಾಯಕ ತೋಳಿನ ಮನುಷ್ಯ. ಒಂದು ನಾಡಿನ ನಾಯಕ ಪಕ್ಕದ ನಾಡಿನವನನ್ನು ಒಪ್ಪನು. ಅವನು ಇವನ ಗಡಿಯನ್ನು ಒಪ್ಪನು. ತಕ್ಕರ ನ್ಯಾಯ ತಮ್ಮ ನಾಡಿನೊಳಗೆ ನಡೆಯುತ್ತಿತ್ತು, ನಾಯಕರ ನಡುವೆ ನಡೆಯುತ್ತಿರಲಿಲ್ಲ. ಕೊಡಗಿನಲ್ಲಿ ರಾಜ್ಯಕ್ಕೆ ಜಾಗವಾದದ್ದು ಈ ಬಿರುಕಿನಲ್ಲಿ.

ಆಗ, 16ನೆಯ ಶತಮಾನದ ಕೊನೆಯಲ್ಲೋ 17ನೆಯದರ ಮೊದಲಲ್ಲೋ, ಇಕ್ಕೇರಿಯ ಅರಸು ಮನೆತನಕ್ಕೆ ಸೇರಿದ ಒಬ್ಬ ವೀರಶೈವ ಜಂಗಮನ ವೇಷದಲ್ಲಿ ಉತ್ತರ ಕೊಡಗಿನ ಹಾಲೇರಿಗೆ ಬಂದು ನೆಲೆ ನಿಂತ. ಮುಂದಿನ ಕಥೆಯನ್ನು ಕೊಡಗಿನವರು ಹೇಳುತ್ತ ಬಂದಿದ್ದಾರೆ. 19ನೆಯ ಶತಮಾನದಲ್ಲಿ ಕೊಡಗಿನ ಚರಿತ್ರೆ ಬರೆದ ಮೋಗ್ಲಿಂಗ್, ರಿಕ್ಟರ್ ಮೊದಲಾದವರು ಅದನ್ನು ಬರೆದಿಟ್ಟರು. ಈ ಕಥೆಯ ನಡೆ ಬಹಳ ನಿಧಾನ. ಅದರ ಬೆಲೆ ಇರುವುದೂ ಆ ನಿಧಾನದಲ್ಲಿಯೇ.

ಮೊದಲು ಸುತ್ತಲಿನ ಜನ ಸ್ವಾಮಿಗಳೆಂದು ಕಾಣಿಕೆ ತಂದರು. ಹಣ್ಣುಕಾಯಿ, ಹಾಲು, ಅಕ್ಕಿ: ಜಂಗಮನಿಗೆ ಕೊಡುವುದು ಪುಣ್ಯ, ಕೊಡಲೇಬೇಕೆಂಬ ಕಡ್ಡಾಯವಿಲ್ಲ. ಆಮೇಲೆ ಕಾಣಿಕೆಗೆ ಒಂದು ಅಳತೆ ಬಂತು. ಹೊಲಮನೆಯ ಯೋಗ್ಯತೆ ನೋಡಿ ಇಂತಿಷ್ಟು ಬಟ್ಟಿ ಭತ್ತ, ವರ್ಷವರ್ಷವೂ. ಅಳೆದುಕೊಟ್ಟದ್ದನ್ನು ಕೂಡಿಡಲು ಕಣಜ ಬೇಕು, ಕಣಜಕ್ಕೆ ಕಾವಲು ಬೇಕು. ಕೊಡುವವರೇ ಸರದಿಯ ಮೇಲೆ ಬಂದು ಹಾಲೇರಿಯ ಮನೆಯನ್ನು ಕಾಯಬೇಕೆಂದಾಯಿತು. ಹೀಗೆ ಜನ ಎರಡು ಬಗೆಯಾದರು. ಹಾಲೇರಿಯಲ್ಲಿ ಉಳಿದು ಕಾವಲು ಕಾಯುವವರು ಚಾವಡಿಕಾರರು. ಊರಿನಲ್ಲಿದ್ದು ಭತ್ತ, ಹಣ ಒಪ್ಪಿಸುವವರು ಒಕ್ಕಲುಮಕ್ಕಳು. ಈ ಹೊತ್ತಿಗೆ ಜಂಗಮನ ಕಾವಿಯ ಕೆಳಗೆ ಕತ್ತಿ ಕಾಣತೊಡಗಿತ್ತು. ಚಾವಡಿ ತುಂಬಿದ ಮೇಲೆ ಅವನು ತಾನು ಒಡೆಯನೆಂದು ಸಾರಿದ. ನಾಯಕರಲ್ಲಿ ಕೆಲವರು ಮಣಿದರು, ಕೆಲವರು ಮಡಿದರು.

ಒಂದು ಬೆಳಗಿನಲ್ಲಿ ಹಾಲೇರಿಗೆ ಕಾವಲಿಗೆಂದು ಹೊರಟ ಒಕ್ಕಲಿಗನನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಅವನ ಅಜ್ಜ ಅದೇ ದಾರಿಯಲ್ಲಿ ಹಣ್ಣುಕಾಯಿ ಹಿಡಿದು ನಡೆದಿದ್ದ. ಅಪ್ಪ ಭತ್ತ ಹೊತ್ತು ನಡೆದಿದ್ದ. ಇವನು ಬಿಚ್ಚುಗತ್ತಿ ಹಿಡಿದು ನಡೆಯುತ್ತಿದ್ದಾನೆ. ಯಾವ ಹೆಜ್ಜೆಯಲ್ಲಿ ರಾಜ್ಯ ಹುಟ್ಟಿತು? ಯಾವ ಹೆಜ್ಜೆಯಲ್ಲಿ ಅವನು ಒಪ್ಪಿದ, ಯಾವ ಹೆಜ್ಜೆಯಲ್ಲಿ ಅವನಿಗೆ ಒಪ್ಪದೆ ವಿಧಿಯಿಲ್ಲದಂತಾಯಿತು? ಕರಾರು ಪತ್ರ ಬರೆಯಲಿಲ್ಲ, ಯುದ್ಧಘೋಷವೂ ಆಗಲಿಲ್ಲ. ಕಾಣಿಕೆ ರೂಢಿಯಾಯಿತು, ರೂಢಿ ಬಾಕಿಯಾಯಿತು, ಬಾಕಿ ಊಳಿಗವಾಯಿತು. ಕೊಡಗಿನ ಮಟ್ಟಿಗೆ ರಾಜ್ಯ ಹುಟ್ಟಿದ್ದು ಹೀಗೆ ಎಂದು ನಾನು ನಂಬುತ್ತೇನೆ. ಅದಕ್ಕೆ ಬೇಕಾದ ಕತ್ತಿಯನ್ನು ಜನರ ಕೈಯಿಂದಲೇ ಹಿಡಿಸಿದ್ದು ಹಾಲೇರಿಯವರ ಜಾಣ್ಮೆ.

ಭಾರತದ ಹಳೆಯ ಗ್ರಂಥಗಳು ಈ ಭತ್ತದ ಲೆಕ್ಕವನ್ನು ಚೆನ್ನಾಗಿ ಬಲ್ಲವು. ಬೌದ್ಧರ ದೀಘನಿಕಾಯದ ಅಗ್ಗಞ್ಞಸುತ್ತದಲ್ಲಿ ಗದ್ದೆಗೆ ಗಡಿ ಬಿದ್ದು ಕಳವು ಶುರುವಾದಾಗ ಜನ ಕೂಡಿ ಒಬ್ಬ ಯೋಗ್ಯನನ್ನು ಆರಿಸುತ್ತಾರೆ. ತಪ್ಪಿದವರನ್ನು ದಂಡಿಸುವುದು ಅವನ ಕೆಲಸ. ಅದಕ್ಕೆ ತಮ್ಮ ಬೆಳೆಯಲ್ಲಿ ಒಂದು ಪಾಲು ಅವನಿಗೆ. ಎಲ್ಲರೂ ಒಪ್ಪಿದವನಾದ್ದರಿಂದ ಅವನು ಮಹಾಸಮ್ಮತ. ಮಹಾಭಾರತದ ಶಾಂತಿಪರ್ವದಲ್ಲಿಯೂ ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಮತ್ಸ್ಯನ್ಯಾಯಕ್ಕೆ ಹೆದರಿದ ಜನ ಮನುವಿಗೆ ಧಾನ್ಯದ ಪಾಲು ಕೊಡಲು ಒಪ್ಪುತ್ತಾರೆ. ಕೌಟಿಲ್ಯ ಆ ಪಾಲನ್ನು ಆರರಲ್ಲಿ ಒಂದು ಎಂದು ನಿಗದಿ ಮಾಡುತ್ತಾನೆ. ಅವನ ಅರ್ಥಶಾಸ್ತ್ರದ ಓಲೆಗರಿ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದು, ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚು ಮಾಡಿಸಿದಾಗ ಪ್ರಪಂಚದ ವಿದ್ವಾಂಸರು ಬೆರಗಾದರು. ಆದರೆ ಕೌಟಿಲ್ಯ ಮನುವಿನ ಆ ಕಥೆಯನ್ನು ಯಾರ ಬಾಯಲ್ಲಿ ಹೇಳಿಸುತ್ತಾನೆ ಎಂಬುದನ್ನು ಗಮನಿಸಬೇಕು. ಜನರ ನಡುವೆ ಬೆರೆತು ಅವರ ಮನಸ್ಸು ತಿಳಿಯಲು ಹೊರಟ ರಾಜನ ಗೂಢಚಾರರ ಬಾಯಲ್ಲಿ. ಒಪ್ಪಂದದ ಕಥೆ ಅಲ್ಲಿ ರಾಜ್ಯ ಹುಟ್ಟಿದ ವರದಿಯಲ್ಲ. ಹುಟ್ಟಿ ಬೆಳೆದ ರಾಜ್ಯ ತನ್ನ ಪ್ರಜೆಗಳಿಗೆ ಹೇಳಿಸುವ ಮಾತು. ಕೊಡಗಿನ ಕಥೆಯನ್ನು ಓದಿದವರಿಗೆ ಈ ಸೂಕ್ಷ್ಮ ಬೇಗ ಹೊಳೆಯುತ್ತದೆ.

ಇನ್ನೊಂದು ಮಾತು. ತಮ್ಮದೇ ಒಕ್ಕ, ತಮ್ಮದೇ ಐನ್‌ಮನೆ, ತಮ್ಮದೇ ಹಿರಿಯರೆಂದು ಬೀಗುವ ಜನ ಹೊರಗಿನವನಿಗೆ ಏಕೆ ಬಾಗಿದರು? ಅವನು ಹೊರಗಿನವನಾದ್ದರಿಂದಲೇ ಬಾಗಿದರು ಎಂದು ನನಗೆ ತೋರುತ್ತದೆ. ಅಚ್ಚು ನಾಯಕನಿಗೆ ಕರ್ಣಯ್ಯ ಬಾವು ತಲೆಬಾಗಿದರೆ ಒಂದು ನಾಡು ಇನ್ನೊಂದು ನಾಡಿಗೆ ಸೋತಂತೆ. ಒಕ್ಕವಿಲ್ಲದ, ನಾಡಿಲ್ಲದ, ನೆಂಟಸ್ತಿಕೆಯಿಲ್ಲದ ಲಿಂಗವಂತನಿಗೆ ಬಾಗಿದರೆ ಯಾರೂ ಯಾರಿಗೂ ಸೋಲಲಿಲ್ಲ. ಹಾಲೇರಿಯವರು ಇದನ್ನು ಅರಿತಿದ್ದರು. ಅವರು ತಕ್ಕರನ್ನು ಕಿತ್ತೊಗೆಯಲಿಲ್ಲ. ಐಮರದ ಮೇಲಿನ ನ್ಯಾಯ ಮೊದಲಿನಂತೆ ನಡೆಯಿತು. ಅದರ ಮೇಲೆ ಅರಮನೆಯೊಂದು ಎದ್ದಿತು, ಅಷ್ಟೆ.

1633ರಿಂದ 1687ರವರೆಗೆ ಆಳಿದ ಮುದ್ದುರಾಜ 1681ರಲ್ಲಿ ಹಾಲೇರಿಯನ್ನು ಬಿಟ್ಟು ಮಡಿಕೇರಿಯಲ್ಲಿ ಕೋಟೆ ಕಟ್ಟಿ ರಾಜಧಾನಿ ಮಾಡಿದ. ಅದಕ್ಕೆ ಹಿಂದಿನ ವರ್ಷವೇ ಲಂಡನ್ನಿನಲ್ಲಿ ಫಿಲ್ಮರ್ ಎಂಬವನ ಪುಸ್ತಕ ಅಚ್ಚಾಗಿತ್ತು. ಮನೆಗೆ ತಂದೆ ಹೇಗೋ ರಾಜ್ಯಕ್ಕೆ ರಾಜ ಹಾಗೆ, ಆದಿಮಾನವ ಆದಮನಿಂದ ಇಳಿದುಬಂದ ತಂದೆಯ ಅಧಿಕಾರವೇ ಅರಸುತನ ಎಂದು ಅವನ ವಾದ. ಮುದ್ದುರಾಜನ ಆಳ್ವಿಕೆಯ ನಡುವೆ, 1651ರಲ್ಲಿ, ಹಾಬ್ಸ್ ಬರೆದ ‘ಲೆವಿಯಾಥನ್’ ಬಂದಿತ್ತು: ಎಲ್ಲರೂ ಎಲ್ಲರ ಮೇಲೆ ಕಾದುವ ಸ್ಥಿತಿಗೆ ಅಂಜಿ ಜನ ತಮ್ಮ ಹಕ್ಕನ್ನೆಲ್ಲ ಒಬ್ಬನ ಕೈಗೆ ಒಪ್ಪಿಸುತ್ತಾರೆ, ಒಪ್ಪಿಸಿದ ಮೇಲೆ ಹಿಂದಕ್ಕೆ ಕೇಳುವಂತಿಲ್ಲ. ಮುದ್ದುರಾಜ ತೀರಿಕೊಂಡು ಎರಡೇ ವರ್ಷಕ್ಕೆ ಲಾಕ್ ಇವರಿಬ್ಬರಿಗೂ ಉತ್ತರವಾಗಿ ನಿಂತ: ಕೇಳಬಹುದು, ನಂಬಿಕೆ ಕೆಡಿಸಿದ ದೊರೆಯನ್ನು ಇಳಿಸಬಹುದು. ಕೊಡಗಿನ ಒಕ್ಕಲಿಗನಾಗಲಿ ಇಂಗ್ಲೆಂಡಿನ ಈ ಪಂಡಿತರಾಗಲಿ ಒಬ್ಬರನ್ನೊಬ್ಬರು ಕೇಳಿಯೂ ಅರಿಯರು. ಕೇಳಿದ್ದಿದ್ದರೆ ಕೊಡಗಿನವನಿಗೆ ಫಿಲ್ಮರನಿಗೆ ಉತ್ತರಿಸುವುದು ಸುಲಭವಿತ್ತು: ತಂದೆಯ ಅಧಿಕಾರ ಐನ್‌ಮನೆಯಲ್ಲಿದೆ, ಪಟ್ಟೆದಾರನ ಕೈಯಲ್ಲಿದೆ, ಮಡಿಕೇರಿಯ ಕೋಟೆಯೊಳಗಿರುವವನು ನಮ್ಮ ತಂದೆಯಲ್ಲ. ಹಾಬ್ಸ್‌ಗೂ ಉತ್ತರವಿತ್ತು. ಅರಸನಿಲ್ಲದಾಗ ನಾವು ಪರಸ್ಪರ ಕೊಂದುಕೊಳ್ಳುತ್ತಿರಲಿಲ್ಲ. ಮಂದಿನಲ್ಲಿ ಕೂತು ಮಾತಾಡುತ್ತಿದ್ದೆವು.

ಲಾಕ್ ಹೇಳಿದ ಕೊಟ್ಟು ಪಡೆಯುವ ನಂಟು ಕೊಡಗಿನಲ್ಲಿ ಒಂದು ರೂಪ ಪಡೆದದ್ದು ಜಮ್ಮದಲ್ಲಿ. ಜಮ್ಮದ ಭೂಮಿ ಒಕ್ಕಕ್ಕೆ ತಲತಲಾಂತರಕ್ಕೆ ಬಂದದ್ದು. ಮಾರುವಂತಿರಲಿಲ್ಲ, ಅಡವಿಡುವಂತಿರಲಿಲ್ಲ, ಪಾಲು ಮಾಡುವಂತಿರಲಿಲ್ಲ. ಸಾಗು ಭೂಮಿಗೆ ನೂರು ಬಟ್ಟಿಗೆ 10 ರೂಪಾಯಿ ಕಂದಾಯವಾದರೆ ಜಮ್ಮಕ್ಕೆ 5. ಆ ಅರ್ಧದ ರಿಯಾಯಿತಿಗೆ ಪ್ರತಿಯಾಗಿ ಒಕ್ಕದ ಗಂಡಾಳು ದೊರೆ ಕರೆದಾಗ ಒಡಿಕತ್ತಿ, ಬಂದೂಕ ಹಿಡಿದು ಬರಬೇಕಿತ್ತು. ಕಾವಲು, ಬೇಟೆ, ಅರಮನೆಯ ಊಳಿಗ ಮಾಡಬೇಕಿತ್ತು. ಹಾಲೇರಿಯ ಚಾವಡಿಯ ಸರದಿಯೇ ಇಲ್ಲಿ ಜಮೀನಿನ ಲೆಕ್ಕದೊಳಗೆ ಸೇರಿಕೊಂಡಿತು. ಎರಡನೆಯ ಲಿಂಗರಾಜ ತನ್ನ ಕಾಲದಲ್ಲಿ ಭೂಮಿ ಅಳೆಯಿಸಿ ಶಿಸ್ತು ಬರೆಸಿದ, ಅಧಿಕಾರಿಗಳು ಹೇಗೆ ನಡೆದುಕೊಳ್ಳಬೇಕೆಂದು ಹುಕುಂನಾಮೆ ಹೊರಡಿಸಿದ. ಬಾಯಿಮಾತಿನ ರೂಢಿ ಕಡತವಾಯಿತು.

ಈ ಕೊಡುಕೊಳೆಯೊಳಗೆ ಇಲ್ಲದವರೂ ಇದ್ದರು. ಯರವರು, ಪಾಲೆಯರು ಮುಂತಾದ ಸಮುದಾಯಗಳ ಜನ ಗದ್ದೆಯಲ್ಲಿ ದುಡಿದು ಭತ್ತ ಬೆಳೆದವರು. ಅವರಲ್ಲಿ ಭೂಮಿಯ ಜೊತೆ ಕಟ್ಟಿಹಾಕಿದ ಆಳುಗಳು ಒಂದು ಬಗೆ, ಒಡೆಯ ತನಗೆ ಬೇಕಾದಾಗ ಮಾರಬಹುದಾದ ಆಳುಗಳು ಇನ್ನೊಂದು ಬಗೆ. ದೊರೆಗೆ ಅಳೆದುಕೊಟ್ಟ ಪ್ರತಿ ಬಟ್ಟಿಯ ಹಿಂದೆ ಅವರ ಬೆವರಿತ್ತು. ಊರ ಮಂದಿನಲ್ಲಿ ಅವರಿಗೆ ಮಾತಿರಲಿಲ್ಲ, ಚಾವಡಿಯಲ್ಲಿ ಜಾಗವಿರಲಿಲ್ಲ, ಜಮ್ಮದ ಕಡತದಲ್ಲಿ ಹಕ್ಕುದಾರರಾಗಿ ಹೆಸರಿರಲಿಲ್ಲ. ರಾಜ್ಯವನ್ನು ಜನರ ಒಪ್ಪಂದವೆಂದು ಹೊಗಳುವ ಪ್ರತಿಯೊಬ್ಬನೂ ಯಾವ ಜನರ ಒಪ್ಪಂದ ಎಂಬ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕು. ಕೊಡಗಿನ ತಕ್ಕರ ಕಟ್ಟಳೆಯನ್ನು ಇಷ್ಟು ಮೆಚ್ಚಿ ಬರೆದ ನಾನೂ ಈ ಪ್ರಶ್ನೆಯನ್ನು ದಾಟಿ ಹೋಗಲಾರೆ.

ಹಾಲೇರಿಯವರಿಗೆ ಜನರ ಒಲವು ನಿಜವಾಗಿ ದಕ್ಕಿದ ಕಾಲ ಒಂದಿದೆ. ಅದು ಅವರ ಕೈಯಲ್ಲಿ ಅಧಿಕಾರವೇ ಇಲ್ಲದ ಕಾಲ. 1780ರಲ್ಲಿ ಒಂದನೆಯ ಲಿಂಗರಾಜ ತೀರಿಕೊಂಡ ಮೇಲೆ, ಮಕ್ಕಳು ಚಿಕ್ಕವರೆಂಬ ನೆಪದಲ್ಲಿ ಹೈದರಾಲಿ ಆಡಳಿತವನ್ನು ಕೈಗೆ ತೆಗೆದುಕೊಂಡು ರಾಜಕುಮಾರರನ್ನು ಬಂಧನದಲ್ಲಿಟ್ಟ. ನಾಡು ದಂಗೆ ಎದ್ದಿತು. ಟಿಪ್ಪು ಬಂದ, ಮಡಿಕೇರಿ ಕೋಟೆಗೆ ಜಾಫರಾಬಾದ್ ಎಂಬ ಹೆಸರಿಟ್ಟ, ಸಾವಿರಾರು ಜನರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಳುಗಳಾಗಿ ಒಯ್ದ. 1788ರ ಡಿಸೆಂಬರಿನಲ್ಲಿ ಯುವರಾಜ ವೀರರಾಜೇಂದ್ರ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಕೊಡಗನ್ನು ಹೊಕ್ಕಾಗ ಅವನ ಬಳಿ ಖಜಾನೆ ಇರಲಿಲ್ಲ, ಸೈನ್ಯವಿರಲಿಲ್ಲ, ಹೆಸರಿತ್ತು. ಆ ಹೆಸರಿನ ಸುತ್ತ ನಾಡುಗಳು ಕೂಡಿದವು. ಕಾಣಿಕೆಯಿಂದ ಶುರುವಾಗಿ ಊಳಿಗವಾಗಿದ್ದ ನಂಟು ಆ ಎರಡು ವರ್ಷ ಮತ್ತೆ ಮನಸಾರೆ ಕೊಟ್ಟ ಕಾಣಿಕೆಯಾಯಿತು. 1790ರ ಅಕ್ಟೋಬರಿನಲ್ಲಿ ಅವನು ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಸರಿಸಮಾನನಾಗಿ ಒಪ್ಪಂದ ಮಾಡಿಕೊಂಡ, ಟಿಪ್ಪುವಿನ ವಿರುದ್ಧ. ಕಂಪನಿಯ ದಂಡಿಗೆ ದಾರಿ ಬಿಟ್ಟ, ಅಕ್ಕಿ ಕೊಟ್ಟ, ದನಕರು ಕೊಟ್ಟ.

ಅದೇ ವೀರರಾಜೇಂದ್ರ ತನ್ನ ವಂಶದ ಚರಿತ್ರೆಯನ್ನು ‘ರಾಜೇಂದ್ರನಾಮೆ’ ಎಂದು ಕನ್ನಡದಲ್ಲಿ ಬರೆಸಿದ. ಅದು 1633ರಿಂದ 1807ರವರೆಗಿನ ಕಥೆ. ಹಾಲೇರಿಯ ಜಂಗಮ, ಹಣ್ಣುಕಾಯಿ, ಅಳೆದ ಭತ್ತ ಇವೆಲ್ಲ ಅದರ ಲೆಕ್ಕಕ್ಕೆ ಹಿಂದಿನವು. ಅವನ್ನು ಉಳಿಸಿಕೊಂಡದ್ದು ಜನ. ಕೊನೆಯ ವರ್ಷಗಳಲ್ಲಿ ಅವನಿಗೆ ಗಂಡು ಸಂತಾನವಿಲ್ಲದ ಚಿಂತೆ ಹತ್ತಿತು, ಅನುಮಾನ ಹತ್ತಿತು, ಮನಸ್ಸು ಕೆಟ್ಟಿತು, ರಕ್ತ ಹರಿಯಿತು. 1809ರಲ್ಲಿ ತೀರಿಕೊಂಡ. ಅವನ ತಮ್ಮ, ಎರಡನೆಯ ಲಿಂಗರಾಜ, 1811ರಲ್ಲಿ ಅಣ್ಣನ ಮಗಳನ್ನು ಬದಿಗೊತ್ತಿ ಪಟ್ಟಕ್ಕೆ ಬಂದ. 1820ರಲ್ಲಿ ಅವನ ಮಗ ಚಿಕ್ಕವೀರರಾಜೇಂದ್ರ. ಮಾಸ್ತಿಯವರ ಕಾದಂಬರಿ ಓದಿದ ಕನ್ನಡಿಗರಿಗೆ ಆ ದೊರೆಯ ಹೆಸರು, ಅವನ ಗೆಳೆಯ ಬಸವನ ಹೆಸರು, ಮಂತ್ರಿ ಬೋಪಣ್ಣನ ಹೆಸರು ಗೊತ್ತು. ನೆಂಟರನ್ನು ಕೊಲ್ಲಿಸಿದ ಕಥೆಗಳೂ ಗೊತ್ತು. 1832ರಲ್ಲಿ ದೊರೆಯ ತಂಗಿ ದೇವಮ್ಮಾಜಿಯೂ ಅವಳ ಗಂಡ ಚೆನ್ನಬಸಪ್ಪನೂ ಜೀವ ಉಳಿಸಿಕೊಳ್ಳಲು ಓಡಿಹೋಗಿ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನ ಆಶ್ರಯ ಪಡೆದರು. ಕಂಪನಿಗೆ ಬೇಕಾಗಿದ್ದ ಕಾರಣ ಕೈಗೆ ಬಂತು.

1834ರ ಏಪ್ರಿಲ್‌ನಲ್ಲಿ ಕಂಪನಿಯ ದಂಡು ನಾಲ್ಕು ಕಡೆಯಿಂದ ಕೊಡಗಿಗೆ ನುಗ್ಗಿತು. ಉತ್ತರದ ಕಡೆ ಕೊಡಗಿನವರು ಕೆಚ್ಚಿನಿಂದ ಕಾದಿ ಅದನ್ನು ಹಿಮ್ಮೆಟ್ಟಿಸಿದರು. ಅಷ್ಟರಲ್ಲಿ ದೊರೆಯ ಧೈರ್ಯ ಕುಸಿದಿತ್ತು. ದಿವಾನ ಅಪ್ಪರಂಡ ಬೋಪು ಕಂಪನಿಯವರೊಂದಿಗೆ ಮಾತುಕತೆಗೆ ಹೊರಟಿದ್ದ. ಏಪ್ರಿಲ್ 6ರಂದು ಮಡಿಕೇರಿ ಕೋಟೆಯ ಮೇಲೆ ಕಂಪನಿಯ ಬಾವುಟ ಏರಿತು. 10ರಂದು ದೊರೆ ಶರಣಾದ.

ಮೇ 7ರಂದು ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯನ್ನು ರಾಜ್ಯಶಾಸ್ತ್ರ ಓದುವ ಪ್ರತಿಯೊಬ್ಬ ಕನ್ನಡ ವಿದ್ಯಾರ್ಥಿಯೂ ಒಮ್ಮೆ ನೋಡಬೇಕು. ಕಂಪನಿ ಕೊಡಗನ್ನು ಗೆದ್ದುಕೊಂಡಿತು ಎಂದು ಅದು ಹೇಳುವುದಿಲ್ಲ. ಕೊಡಗಿನ ನಿವಾಸಿಗಳೆಲ್ಲರೂ ಒಮ್ಮನಸ್ಸಿನಿಂದ ಬ್ರಿಟಿಷ್ ಸರ್ಕಾರದ ರಕ್ಷಣೆಗೆ ಬರಲು ಬಯಸಿರುವುದರಿಂದ ಗವರ್ನರ್ ಜನರಲ್ ಅವರು ಈ ನಾಡನ್ನು ಕಂಪನಿಗೆ ವರ್ಗಾಯಿಸಲು ತೀರ್ಮಾನಿಸಿದ್ದಾರೆ ಎಂಬುದು ಅದರ ತಾತ್ಪರ್ಯ. ಮುಂದೆಂದೂ ದೇಶೀಯ ದೊರೆಯ ಕೈಕೆಳಗೆ ನಿಮ್ಮನ್ನು ಹಾಕುವುದಿಲ್ಲ, ನಿಮ್ಮ ಆಚಾರ ವ್ಯವಹಾರ, ಧರ್ಮದ ರೂಢಿಗಳನ್ನು ಗೌರವಿಸುತ್ತೇವೆ, ನಿಮ್ಮ ಸುಖ ನೆಮ್ಮದಿ ಹೆಚ್ಚಿಸುತ್ತೇವೆ ಎಂಬ ಮಾತುಗಳೂ ಅದರಲ್ಲಿವೆ. ಲಾಕ್ ಬರೆದ ಪುಟಗಳಿಂದ ಎತ್ತಿ ತಂದಂತಿದೆ. ನಂಬಿಕೆ ಕೆಡಿಸಿದ ದೊರೆ ಇಳಿದ, ಜನ ಹೊಸ ಆಳ್ವಿಕೆಯನ್ನು ಆರಿಸಿಕೊಂಡರು, ಆಳುವವರು ಮಾತು ಕೊಟ್ಟರು. ಕೋಟೆಯ ಮೇಲೆ ಬಾವುಟ ಏರಿ ತಿಂಗಳಾಗಿತ್ತು ಎಂಬುದನ್ನು ಮಾತ್ರ ಮರೆಯಬೇಕು. 1748ರಲ್ಲಿಯೇ ಸ್ಕಾಟ್ಲೆಂಡಿನ ಹ್ಯೂಮ್ ಈ ಬಗೆಯ ಒಪ್ಪಿಗೆಯ ಮಾತನ್ನು ಅಲ್ಲಗಳೆದಿದ್ದ. ಇರುವ ಸರ್ಕಾರಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಕಬಳಿಕೆಯಿಂದಲೋ ದಂಡಯಾತ್ರೆಯಿಂದಲೋ ಹುಟ್ಟಿದವು ಎಂದು ಅವನ ಅಭಿಪ್ರಾಯ.

ಒಮ್ಮನಸ್ಸು ಎಷ್ಟಿತ್ತು ಎಂಬುದು ಬೇಗ ತಿಳಿಯಿತು. ಹಾಲೇರಿಯವರ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ಕಂಪನಿ ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿನ ರೈತರು ಅದುವರೆಗೆ ಕಂದಾಯವನ್ನು ಬೆಳೆದ ಬೆಳೆಯ ರೂಪದಲ್ಲಿ ಸಲ್ಲಿಸುತ್ತಿದ್ದರು. ಇನ್ನು ನಗದು ಕೊಡಬೇಕೆಂದಾಯಿತು. ನಗದಿಗೆ ಸಾಹುಕಾರನ ಬಾಗಿಲು, ಸಾಹುಕಾರನಿಗೆ ಬಡ್ಡಿ. ಆಗ ಕಾಡಿನ ಹಾದಿಯಲ್ಲಿ ಮತ್ತೆ ಕಾವಿ ಕಾಣಿಸಿಕೊಂಡಿತು. ಅಪರಂಪರ ಎಂಬ ಸನ್ಯಾಸಿ ತಾನು ಹಾಲೇರಿಯ ವಂಶದವನೆಂದ. ಅವನನ್ನು ಹಿಡಿದ ಮೇಲೆ ಕಲ್ಯಾಣಸ್ವಾಮಿ ಎದ್ದ. ಅವನೂ ಸೆರೆಯಾದಾಗ ಅವನ ಹೆಸರು ಹೊತ್ತು ಪುಟ್ಟಬಸಪ್ಪ ಬಂದ. ಅರಸೊತ್ತಿಗೆಯನ್ನು ಜಂಗಮನ ವೇಷವೇ ತಂದಿತ್ತು. ಅದನ್ನು ಮತ್ತೆ ತರಲು ಜನ ಕಾದದ್ದೂ ಅದೇ ವೇಷಕ್ಕೆ. ಎರಡು ನೂರು ವರ್ಷದ ನೆನಪು ಇಷ್ಟು ಆಳಕ್ಕೆ ಇಳಿದಿತ್ತು.

1837ರ ಮಾರ್ಚ್ ಕೊನೆಯಲ್ಲಿ ದಂಗೆಯವರು ಬೆಳ್ಳಾರೆಯ ಖಜಾನೆ ವಶಪಡಿಸಿಕೊಂಡರು. ಏಪ್ರಿಲ್ 5ರಂದು ಮಂಗಳೂರು ಅವರ ಕೈಸೇರಿತು; ಸುಮಾರು ಎರಡು ವಾರ ಅವರ ಕೈಯಲ್ಲಿತ್ತು. ಕೊಡಗಿನ ಒಳಗೆ ದಿವಾನ ಬೋಪುವೂ ಅನೇಕ ಕೊಡವ ಮುಖಂಡರೂ ಕಂಪನಿಯ ಪಕ್ಷ ಹಿಡಿದರು. ಅವರಿಗೆ ಪದಕಗಳು ಬಂದವು, ಭೂಮಿ ಬಂತು. ಇನ್ನೊಬ್ಬ ದಿವಾನ ಲಕ್ಷ್ಮೀನಾರಾಯಣ ದಂಗೆಯಲ್ಲಿ ಕೈಯಿದೆ ಎಂಬ ಆರೋಪದ ಮೇಲೆ ಸೆರೆಗೆ ಹೋದ. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಆ ವರ್ಷದ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಒಂದೇ ನಾಡಿನ ಜನ, ಒಂದೇ ಘೋಷಣೆಯ ಕೆಳಗೆ, ಒಬ್ಬರು ಪದಕಕ್ಕೆ ಇನ್ನೊಬ್ಬರು ನೇಣಿಗೆ ಕೊರಳು ಕೊಟ್ಟರು. ಎರಡನ್ನೂ ಒಮ್ಮನಸ್ಸು ಎನ್ನಲು ಸಾಧ್ಯವಿಲ್ಲ.

ಪದಚ್ಯುತ ದೊರೆಯನ್ನು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಒಯ್ದರು. 1852ರಲ್ಲಿ ಅವನು ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡಿಗೆ ಹೋದ. ಗೌರಮ್ಮ ಕ್ರೈಸ್ತಳಾದಳು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ಅರಮನೆಯ ಆ ಕಥೆಯನ್ನು ಹಲವರು ಬರೆದಿದ್ದಾರೆ. ಅದಕ್ಕಿಂತ ದೊಡ್ಡದು ಅಪ್ಪನ ವ್ಯಾಜ್ಯ. ಕೊಡಗಿನ ದೊರೆಗಳ ಹಣ ಕಂಪನಿಯ ಸಾಲಪತ್ರಗಳ ರೂಪದಲ್ಲಿತ್ತು. 1834ರಲ್ಲಿ ಕಂಪನಿ ಆ ಪತ್ರಗಳನ್ನೂ ವಶಪಡಿಸಿಕೊಂಡಿತ್ತು. ನಾಡು ಹೋದರೆ ಹೋಯಿತು, ಸಾಲ ಕೊಟ್ಟ ಹಣ ನನ್ನ ಸ್ವಂತದ್ದು, ಅದನ್ನು ಕೊಡಿಸಿ ಎಂದು ದೊರೆ ಲಂಡನ್ನಿನ ಚಾನ್ಸರಿ ನ್ಯಾಯಾಲಯಕ್ಕೆ ಹೋದ. ಸರಳವಾದ ಬೇಡಿಕೆ. ಜನರೆಲ್ಲರ ಒಪ್ಪಿಗೆಯ ಮೇಲೆ ಆಳ್ವಿಕೆ ಕೈ ಬದಲಾಯಿಸಿದ್ದೇ ನಿಜವಾದರೆ, ಇಳಿದುಹೋದವನ ಸಾಲಪತ್ರಕ್ಕೆ ಕೈಹಾಕುವ ಹಕ್ಕು ಯಾರಿಗೂ ಇರಲಾರದು.

ದೊರೆ 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡ. ಮರುವರ್ಷ ನ್ಯಾಯಾಧೀಶ ಸರ್ ಜಾನ್ ರೋಮಿಲ್ಲಿ ತೀರ್ಪು ಕೊಟ್ಟ. ಕಂಪನಿ ಆ ಪತ್ರಗಳನ್ನು ತೆಗೆದುಕೊಂಡದ್ದು ಸಾಲಗಾರನಾಗಿ ಅಲ್ಲ, ಯುದ್ಧ ಮಾಡಿ ಗೆದ್ದ ಸಾರ್ವಭೌಮ ಶಕ್ತಿಯಾಗಿ; ಇಂಥ ರಾಜಕಾರ್ಯವನ್ನು ಪ್ರಶ್ನಿಸುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇಲ್ಲ. ವ್ಯಾಜ್ಯ ವಜಾ ಆಯಿತು. ಹಣ ಬರಲಿಲ್ಲ. ಮಡಿಕೇರಿಯಲ್ಲಿ 1834ರ ಮೇ 7ರ ಘೋಷಣೆಯನ್ನು ಯಾರೂ ಹಿಂತೆಗೆದುಕೊಳ್ಳಲಿಲ್ಲ; ಜನರ ಒಮ್ಮನಸ್ಸಿನ ಕೋರಿಕೆಯ ಮೇಲೆ ಸೇರಿಸಿಕೊಂಡ ನಾಡು ಎಂದೇ ಸರ್ಕಾರದ ಕಡತಗಳು ಕೊಡಗನ್ನು ಕರೆಯುತ್ತ ಹೋದವು.